ಚಳಿಗೆ ಸ್ಟಾರ್ಟ್ ಆಗದ ಡೀಸೆಲ್ ಗಾಡಿ

ಡಿಸೆಂಬರ್ ಬಂತೆಂದರೆ ಮಡಿಕೇರಿ, ಮೂಡಿಗೆರೆ ಕಡೆ ಹಳೇ ಡೀಸೆಲ್ ಗಾಡಿಗಳು ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಡುತ್ತವೆ. ಬಹಳ ಜನ ಪರೀಕ್ಷಿಸದೆ ಬ್ಯಾಟರಿ ಬದಲಿಸುತ್ತಾರೆ. ಇನ್ನೂ ಜೀವವಿರುವ ಬ್ಯಾಟರಿ ಗುಜರಿಗೆ ಹೋಗುವುದು ನೋಡಿದರೆ ಸಂಕಟವಾಗುತ್ತದೆ.

ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇರಬೇಕು, 12.2 ಅಂದರೆ ಚಾರ್ಜ್ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಫುಲ್ ಚಾರ್ಜ್ ಇದ್ದೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸ್ಟಾರ್ಟರ್ ಮೋಟಾರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆಯಿರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಕೊನೆಗೆ.

ಸೆಲ್ಫ್ ಜೋರಾಗಿ ತಿರುಗಿಯೂ ಬರೀ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಚಳಿಯಲ್ಲಿ ಸಿಲಿಂಡರ್ ಒಳಗನ್ನು ಬಿಸಿಮಾಡುವ ಗ್ಲೋ ಪ್ಲಗ್ ನೋಡಿ. ಅದರ ವಯರ್ ತೆಗೆದು, ತುದಿಯಿಂದ ಎಂಜಿನ್ ಬಾಡಿಗೆ ಅಳೆದರೆ ಸಾಮಾನ್ಯವಾಗಿ 0.5ರಿಂದ 2 ಓಮ್ ಬರಬೇಕು. ಮೀಟರ್ ಕದಲದಿದ್ದರೆ ಒಳಗಿನ ಕಾಯಿಲ್ ಸುಟ್ಟಿದೆ. ಪ್ಲಗ್ ಎಲ್ಲಾ ಸರಿಯಿದ್ದರೆ ಅವಕ್ಕೆ ಕರೆಂಟ್ ಕೊಡುವ ಫ್ಯೂಸ್, ರಿಲೇ ನೋಡಿ. ಪ್ಲಗ್ ಬಿಚ್ಚುವುದು ಎಂಜಿನ್ ಬೆಚ್ಚಗಿರುವಾಗ, ನಿಧಾನವಾಗಿ. ಆತುರಪಟ್ಟರೆ ಮುರಿದು ಹೆಡ್ಡಿನಲ್ಲೇ ಉಳಿಯುತ್ತದೆ.

ಹೊಗೆಯೇ ಇಲ್ಲವೇ? ಡೀಸೆಲ್ ಲೈನಿಗೆ ಏರ್ ಹಿಡಿದಿರಬಹುದು. ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಸೆಲ್ಫ್ ಮಾತ್ರ ಒಂದು ಸಲಕ್ಕೆ 10 ಸೆಕೆಂಡ್ ಸಾಕು, ನಡುವೆ ಅರ್ಧ ನಿಮಿಷ ಬಿಡಿ.