ಬೀಗ ನನ್ನದು, ಬೀಗದ ಕೈ ಅವರದು

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಸೀಸನ್ ಬಂತು ಅಂದರೆ ಮಧ್ಯಾಹ್ನದ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಅಂಥದ್ದೇ ಒಂದು ಶುಕ್ರವಾರ ಸಂಜೆ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಫೈಲುಗಳೆಲ್ಲ ಪೆನ್‌ಡ್ರೈವಿನಲ್ಲಿ ಇದ್ದವು, ಹಾಗಾಗಿ ನಾನು ಹೆದರಲಿಲ್ಲ. ಹೊಸ ಡಿಸ್ಕ್ ತಂದು, ವಿಂಡೋಸ್ ಹಾಕಿ, ಡಿಸೈನ್ ಮಾಡುವ ಸಾಫ್ಟ್‌ವೇರನ್ನೂ ಹಾಕಿ, ಡಬ್ಬಿ ಮೇಲಿನ ಸೀರಿಯಲ್ ನಂಬರನ್ನು ಒಂದೊಂದೇ ಅಕ್ಷರ ನೋಡಿಕೊಂಡು ಒತ್ತಿದೆ. ಆಕ್ಟಿವೇಶನ್ ಮಿತಿ ಮುಗಿದಿದೆ, ಹಳೆಯ ಕಂಪ್ಯೂಟರಿನಲ್ಲಿ ಡಿಆಕ್ಟಿವೇಟ್ ಮಾಡಿ ಬನ್ನಿ ಅಂತ ಬಂತು. ಆಕ್ಟಿವೇಶನ್ ಅಂದರೆ ಈ ನಂಬರ್ ಈ ಕಂಪ್ಯೂಟರಿನಲ್ಲಿ ನಡೆಯಲಿ ಅಂತ ಕಂಪನಿ ಕೊಡುವ ಒಪ್ಪಿಗೆ, ಡಿಆಕ್ಟಿವೇಟ್ ಅಂದರೆ ಆ ಒಪ್ಪಿಗೆ ವಾಪಸ್ ಕೊಡುವುದು.

ಹಳೆಯ ಡಿಸ್ಕ್ ಸತ್ತಿದೆಯಲ್ಲ ಮಾರಾಯಾ! ಸತ್ತವನ ಹತ್ತಿರ ಸಹಿ ಹಾಕಿಸಿಕೊಂಡು ಬಾ ಅಂದ ಹಾಗಾಯಿತು.

ಕಂಪನಿಗೆ ಬರೆದೆ. ಕೊಂಡ ಬಿಲ್ ಸ್ಕ್ಯಾನ್ ಮಾಡಿ ಕಳಿಸಿ, ಎರಡು ಕೆಲಸದ ದಿನಗಳಲ್ಲಿ ಉತ್ತರ ಕೊಡುತ್ತೇವೆ ಅಂದರು. ಶುಕ್ರವಾರ ಸಂಜೆಗೆ ಎರಡು ಕೆಲಸದ ದಿನ ಸೇರಿಸಿದರೆ ಮಂಗಳವಾರ. ಇತ್ತ ಹುಡುಗಿಯ ಸೋದರಮಾವ ಸ್ಟೂಲಿನ ಮೇಲೆ ಕೂತಿದ್ದರು. ಶನಿವಾರ ಬೆಳಿಗ್ಗೆ ಲಗ್ನಪತ್ರಿಕೆ ದೇವರ ಮುಂದೆ ಇಟ್ಟು ಹಂಚೋಕೆ ಹೊರಡಬೇಕು ಅಂತ ಅವರ ಲೆಕ್ಕ. ಕೊನೆಗೆ ಪೆನ್‌ಡ್ರೈವ್ ಹಿಡಿದು ಎದುರು ಅಂಗಡಿಗೆ ಹೋದೆ. ಅವನ ಹತ್ತಿರ ಅದೇ ಸಾಫ್ಟ್‌ವೇರ್, ಅದೇ ವರ್ಷನ್, ಒಂದು ಪೈಸೆ ಕೊಟ್ಟಿಲ್ಲ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ದುಡ್ಡೂ ತಗೊಳ್ಳಲಿಲ್ಲ ಪುಣ್ಯಾತ್ಮ. "ದುಡ್ಡು ಕೊಟ್ಟು ತಂದಿದ್ದಕ್ಕೆ ಬಿಲ್ ಬೇರೆ ತೋರಿಸಬೇಕಾ ಸಾರ್?" ಅಂತ ಕೇಳಿದ, ಅಷ್ಟೇ. ನಾನು ಸುಮ್ನೆ ನಕ್ಕೆ.

ಇಷ್ಟಾದ ಮೇಲೂ ಆಕ್ಟಿವೇಶನ್ ಶುದ್ಧ ದಂಡ ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ನಾವು ಮೊದಲು ಹೇಗಿದ್ದೆವು ಅನ್ನುವುದು ನನಗೆ ಗೊತ್ತು. ಒಬ್ಬ ಸಿಡಿ ತಂದರೆ ಆ ಬೀದಿಯ ಹತ್ತು ಅಂಗಡಿಗೂ ಅದೇ ಸಿಡಿ. ನಂಬರನ್ನು ಸಿಡಿ ಮೇಲೇ ಮಾರ್ಕರ್ ಪೆನ್ನಿನಲ್ಲಿ ಬರೆದಿಡುತ್ತಿದ್ದೆವು, ಪಕ್ಕದವರಿಂದ ಸಕ್ಕರೆ ಕಡ ತಂದ ಹಾಗೆ. ಅದು ಕಳ್ಳತನ ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಆಕ್ಟಿವೇಶನ್ ಬಂದದ್ದು ಈ ಕಡ ಕೊಡುವ ಅಭ್ಯಾಸ ತಪ್ಪಿಸಲಿಕ್ಕೆ. ಅಷ್ಟರ ಮಟ್ಟಿಗೆ ಅದು ಕೆಲಸ ಮಾಡಿತು ಅಂತಲೇ ನನ್ನ ಅಂದಾಜು. ಕ್ರ್ಯಾಕ್, ಅಂದರೆ ಈ ಬೀಗ ಮುರಿಯುವ ಕಳ್ಳ ಪ್ರೋಗ್ರಾಂ, ಹುಡುಕುವುದು, ಆಂಟಿವೈರಸ್ ಆಫ್ ಮಾಡುವುದು, ಎಲ್ಲರ ಕೈಲಿ ಆಗುವ ಕೆಲಸವಲ್ಲ. ನಾನೇ ದುಡ್ಡು ಕೊಟ್ಟು ಕೊಂಡದ್ದಕ್ಕೆ ಪ್ರಾಮಾಣಿಕತೆ ಅರ್ಧ ಕಾರಣ, ವೈರಸ್ಸಿನ ಹೆದರಿಕೆ ಇನ್ನರ್ಧ.

ಆದರೆ ಕದಿಯುವುದನ್ನೇ ಕಸುಬು ಮಾಡಿಕೊಂಡವನಿಗೆ ಇದು ಅಡ್ಡಿಯಾಯಿತೇ? ವಿಂಡೋಸ್ ಎಕ್ಸ್‌ಪಿ ಕತೆ ನೋಡಿ. 2001ರ ಅಕ್ಟೋಬರಿನಲ್ಲಿ ಅದು ಬಂದಾಗ ಮನೆ ಬಳಕೆಯ ವಿಂಡೋಸಿಗೂ ಆಕ್ಟಿವೇಶನ್ ಅಂಟಿಕೊಂಡಿತು. 25 ಅಕ್ಷರದ ಕೀ ಸಾಲದು. ಪ್ರೊಸೆಸರ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್, ರ‍್ಯಾಮ್ ಇಂಥ ಹತ್ತು ಬಗೆಯ ಭಾಗಗಳ ಗುರುತು ತೆಗೆದು, ಕೀ ಜೊತೆ ಸೇರಿಸಿ ಒಂದು ಸಂಖ್ಯೆ ಮಾಡುತ್ತಿತ್ತು. 30 ದಿನದೊಳಗೆ ಅದು ಮೈಕ್ರೋಸಾಫ್ಟಿಗೆ ಮುಟ್ಟಬೇಕು. ಇಂಟರ್ನೆಟ್ ಇಲ್ಲದವರು ಫೋನ್ ಮಾಡಿ 50 ಅಂಕಿ ಓದಿ ಹೇಳಬೇಕು, ಅವರು ಹೇಳುವ 42 ಅಂಕಿ ತಪ್ಪಿಲ್ಲದೆ ಬರೆದುಕೊಳ್ಳಬೇಕು. ಮುಂದೆ ಮದರ್‌ಬೋರ್ಡ್, ಡಿಸ್ಕ್ ಅಂತ ಒಂದಷ್ಟು ಭಾಗ ಬದಲಾಯಿಸಿದರೆ ಮತ್ತೆ ಮೊದಲಿಂದ. ಕರೆಂಟಿನ ಏರಿಳಿತಕ್ಕೆ ವರ್ಷಕ್ಕೊಂದು ಭಾಗ ಸುಟ್ಟುಹೋಗುವ ನಮ್ಮಂಥ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ದೊಡ್ಡ ಕಂಪನಿಗಳಿಗೆ ಮಾತ್ರ ಈ ಗೋಳು ಇರಲಿಲ್ಲ. ನೂರಾರು ಕಂಪ್ಯೂಟರಿಗೆ ಒಟ್ಟಿಗೆ ಕೊಳ್ಳುವವರಿಗೆ ಅಂತಲೇ ವಾಲ್ಯೂಮ್ ಲೈಸೆನ್ಸ್ ಇತ್ತು, ಅದಕ್ಕೆ ಆಕ್ಟಿವೇಶನ್ನೇ ಬೇಡ. ಎಕ್ಸ್‌ಪಿ ಅಂಗಡಿಗೆ ಬರುವ ಮೊದಲೇ ಅಂಥದ್ದೊಂದು ಕೀ ಸೋರಿಹೋಗಿ ಲೋಕವೆಲ್ಲ ಸುತ್ತಾಡಿತು. ಆಗ ಅಸೆಂಬಲ್ ಮಾಡಿದ ಕಂಪ್ಯೂಟರ್ ಕೊಂಡವರನ್ನು ಕೇಳಿ, ಎಷ್ಟೋ ಜನ ಆಕ್ಟಿವೇಶನ್ ಕಿಟಕಿಯನ್ನು ಕಣ್ಣಿಂದಲೂ ನೋಡಿಲ್ಲ. 2002ರಲ್ಲಿ ಸರ್ವಿಸ್ ಪ್ಯಾಕ್ 1 ಅನ್ನುವ ಅಪ್‌ಡೇಟ್ ಬಂದು ಆ ಕೀ ಬ್ಲಾಕ್ ಮಾಡಿತು. ಅಷ್ಟೊತ್ತಿಗೆ ಬೇರೆ ಕೀಗಳು ಬಂದಿದ್ದವು. ಅಂದರೆ 50 ಅಂಕಿ ಓದಿದವನು ದುಡ್ಡು ಕೊಟ್ಟವನು ಮಾತ್ರ.

ಇದಕ್ಕೂ ಹಿಂದೆ ನಮಗೆ ಡಾಂಗಲ್ ಇತ್ತು. ಕನ್ನಡ ಅಕ್ಷರದ ಪ್ಯಾಕೇಜಿನ ಜೊತೆ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ವಸ್ತು ಕೊಡುತ್ತಿದ್ದರು. ನಾವು 'ಲಾಕ್' ಅನ್ನುತ್ತಿದ್ದೆವು. ಪ್ರಿಂಟರ್ ಪೋರ್ಟಿಗೆ ಅದನ್ನು ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಸಿಕ್ಕಿಸಬೇಕು. ಅದಿಲ್ಲದಿದ್ದರೆ ಪ್ಯಾಕೇಜ್ ಬಾಯೇ ಬಿಡುವುದಿಲ್ಲ. ಆಗ ಅದನ್ನು ಬೈದದ್ದೇ ಬೈದದ್ದು. ಕಸ ಗುಡಿಸುವಾಗ ತಾಗಿ ಅಲುಗಾಡುತ್ತಿತ್ತು, ಒಮ್ಮೆ ಪಿನ್ನು ಬಾಗಿ ಅದನ್ನು ಸೂಜಿಯಿಂದ ನೆಟ್ಟಗೆ ಮಾಡಿದ್ದೇನೆ. ರಾತ್ರಿ ಅಂಗಡಿ ಮುಚ್ಚುವಾಗ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದೆ, ಮನೆಯವಳಿಗೆ ಅದೇನೋ ಒಡವೆ ಅಂತ ತಮಾಷೆ. ಈಗ ಅನಿಸುತ್ತದೆ, ಆ ಲಾಕ್ ಎಷ್ಟೋ ಮೇಲು. ಕಂಪ್ಯೂಟರ್ ಸುಟ್ಟುಹೋದರೆ ಇನ್ನೊಂದಕ್ಕೆ ಸಿಕ್ಕಿಸಿದರಾಯಿತು, ಯಾರನ್ನೂ ಕೇಳಬೇಕಿಲ್ಲ. ಕಳೆದುಹೋದರೆ ತಪ್ಪು ನನ್ನದು. ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಆಕ್ಟಿವೇಶನ್ ಬಂದ ಮೇಲೆ ಬೀಗದ ಕೈ ಅವರ ಸರ್ವರಿಗೆ ಹೋಯಿತು. ಸರ್ವರ್ ಎಡವಿದರೆ ನಾವು ಬೀಳುತ್ತೇವೆ. 2007ರ ಆಗಸ್ಟಿನಲ್ಲಿ ವಿಂಡೋಸ್ ಅಸಲಿಯೋ ನಕಲಿಯೋ ಅಂತ ಪರೀಕ್ಷಿಸುವ ಮೈಕ್ರೋಸಾಫ್ಟಿನ ಸರ್ವರ್ ಕೆಟ್ಟು, ಸುಮಾರು 19 ಗಂಟೆ ಕಾಲ ಅಸಲಿ ವಿಂಡೋಸ್ ವಿಸ್ತಾ, ಎಕ್ಸ್‌ಪಿಗಳನ್ನೇ ನಕಲಿ ಅಂದುಬಿಟ್ಟಿತ್ತು. ಅದಾದರೂ ಒಂದು ದಿನದ ಮಾತು. ಸರ್ವರನ್ನೇ ಶಾಶ್ವತವಾಗಿ ನಿಲ್ಲಿಸಿದರೆ? ಫೋಟೋಶಾಪ್ ಮಾಡುವ ಅಡೋಬಿ ಕಂಪನಿ ತನ್ನ ಸಿಎಸ್2 ಅನ್ನುವ ಹಳೆಯ ಡಿಸೈನ್ ಪ್ಯಾಕೇಜಿನ ಆಕ್ಟಿವೇಶನ್ ಸರ್ವರ್ ನಿಲ್ಲಿಸಿದಾಗ, ಅದೃಷ್ಟಕ್ಕೆ, ಆಕ್ಟಿವೇಶನ್ ಬೇಡದ ಪ್ರತಿಯನ್ನೂ ಅದರ ಸೀರಿಯಲ್ ನಂಬರನ್ನೂ 2013ರ ಹೊತ್ತಿಗೆ ಡೌನ್‌ಲೋಡಿಗೆ ಇಟ್ಟಿತು. ಇದು ಹಳೆಯ ಗಿರಾಕಿಗಳಿಗೆ ಮಾತ್ರ ಅಂತ ಹೇಳುವಷ್ಟರಲ್ಲಿ ಊರೆಲ್ಲ ಇಳಿಸಿಕೊಂಡಾಗಿತ್ತು, ಅದು ಬೇರೆ ಮಾತು. ಹಾಗಿದ್ದರೂ ಅದು ಮರ್ಯಾದೆಯ ಕೆಲಸ. ಅದೇ 2013ರಲ್ಲಿ ಅವರು ಕ್ರಿಯೇಟಿವ್ ಕ್ಲೌಡ್ ಅಂತ ಹೊಸದನ್ನೆಲ್ಲ ಬಾಡಿಗೆಗೆ ತಿರುಗಿಸಿದರು. ಬಾಡಿಗೆ ಮನೆಗೆ ಬೀಗದ ಕೈ ಯಾರದು ಅಂತ ಜಗಳವೇ ಇಲ್ಲ ನೋಡಿ.

ಅಮೆರಿಕದ ಇಂಟ್ಯೂಟ್ ಇದೇ ಆಟ ಆಡಲು ಹೋಗಿ ಕೈ ಸುಟ್ಟುಕೊಂಡಿತ್ತು. ಟರ್ಬೋಟ್ಯಾಕ್ಸ್ ಅನ್ನುವ ತೆರಿಗೆ ಲೆಕ್ಕದ ಸಾಫ್ಟ್‌ವೇರಿಗೆ, 2002ರ ತೆರಿಗೆ ವರ್ಷದ ಆವೃತ್ತಿಯಲ್ಲಿ, ಆಕ್ಟಿವೇಶನ್ ಹಾಕಿತು. ಗಿರಾಕಿಗಳು ರೇಗಿದರು. 2003ರಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ಅಲ್ಲಿ ಜನಕ್ಕೆ ಬೇರೆ ಕಂಪನಿಯ ಸಾಫ್ಟ್‌ವೇರ್ ಇತ್ತು, ಹೋಗಬಹುದಿತ್ತು. ನಮಗೆ ಅಚ್ಚಿನ ಕೆಲಸದಲ್ಲಿ ಹಾಗೆ ಹೋಗೋಕೆ ಜಾಗವಿಲ್ಲ, ಒಂದು ಕಂಪನಿಯ ಸಾಫ್ಟ್‌ವೇರಿನಲ್ಲಿ ಮಾಡಿದ ಫೈಲು ಇನ್ನೊಂದರಲ್ಲಿ ಸರಿಯಾಗಿ ತೆರೆಯುವುದಿಲ್ಲ.

ಬುದ್ಧಿವಂತಿಕೆ ಬೇಕಿದ್ದರೆ ನಮ್ಮ ಬೆಂಗಳೂರಿನ ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಬೇಕು. ಲೈಸೆನ್ಸ್ ಇಲ್ಲದಿದ್ದರೂ ಅದು ಎಜುಕೇಷನಲ್ ಮೋಡಿನಲ್ಲಿ ತೆರೆಯುತ್ತದೆ, ಆದರೆ ತಿಂಗಳ 1, 2 ಮತ್ತು 31ನೇ ತಾರೀಖಿನ ಲೆಕ್ಕ ಮಾತ್ರ ಬರೆಯಬಹುದು. ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತ ಹುಡುಗ ಹುಡುಗಿಯರ ಲೆಕ್ಕದಲ್ಲಿ ವ್ಯಾಪಾರವೆಲ್ಲ ಆ ದಿನಗಳಲ್ಲೇ ನಡೆದಿರುತ್ತದೆ! ಕಲಿಯುವವನಿಗೆ ಅಷ್ಟು ಸಾಕು, ಅಂಗಡಿ ನಡೆಸುವವನಿಗೆ ಸಾಲದು. ಕ್ರ್ಯಾಕ್ ಹುಡುಕುವ ಕಾರಣವೇ ಅರ್ಧ ಕಡಿಮೆಯಾಯಿತು, ಕಲಿತವನು ನಾಳೆ ತನ್ನ ಯಜಮಾನನ ಹತ್ತಿರ ಟ್ಯಾಲಿಯನ್ನೇ ಕೊಡಿಸುತ್ತಾನೆ. ಕಂಪ್ಯೂಟರ್ ಬದಲಾಯಿಸುವಾಗ ಲೈಸೆನ್ಸ್ ಸರೆಂಡರ್ ಮಾಡುವ ಕೆಲಸ ಅಲ್ಲೂ ಇದೆ, ಮರೆತರೆ ಅಲ್ಲೂ ಕಷ್ಟವೇ.

ಮಂಗಳವಾರ ನನಗೆ ಹೊಸ ನಂಬರ್ ಬಂತು. ಜೊತೆಗೆ, ಈ ಆವೃತ್ತಿಗೆ ಇನ್ನು ಜಾಸ್ತಿ ದಿನ ಸಹಾಯ ಕೊಡುವುದಿಲ್ಲ ಅನ್ನುವ ಒಂದು ಸಾಲು. ಆ ಸಾಲನ್ನು ಪ್ರಿಂಟ್ ತೆಗೆದು ಡಬ್ಬಿಯೊಳಗೆ ಇಟ್ಟಿದ್ದೇನೆ.

ಅಂಗಡಿ ಮೂಲೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇದೆ, ಪ್ರಿಂಟರ್ ಪೋರ್ಟ್ ಇರುವಂಥದ್ದು. ಅದರ ಬೆನ್ನಿಗೆ ಆ ಲಾಕ್ ಇನ್ನೂ ನೇತಾಡುತ್ತಿದೆ. ಹಳೆಯ ಫಾಂಟಿನಲ್ಲಿ ಮಾಡಿದ ದೇವಸ್ಥಾನದ ರಸೀದಿ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ ಯಾವುದಾದರೂ ಬೇಕಾದಾಗ ಸ್ವಿಚ್ ಹಾಕುತ್ತೇನೆ. ಗರಗರ ಅಂತ ಒಂದಷ್ಟು ಹೊತ್ತು ಸದ್ದು ಮಾಡಿ ತೆರೆದುಕೊಳ್ಳುತ್ತದೆ. ಕೆಲಸದ ಹುಡುಗ ಮೊನ್ನೆ, ಅಣ್ಣಾ ಇದನ್ನ ಗುಜರಿಗೆ ಹಾಕೋಣ, ಜಾಗ ಆಗುತ್ತೆ ಅಂದ. ಅದನ್ನ ಮುಟ್ಟಬೇಡ ಅಂದೆ, ಬೇಕಾದರೆ ಆ ಸ್ಟೂಲ್ ಹೊರಗೆ ಹಾಕು.