ಪಿಇ 6 ಇರುವ ಬ್ಯಾಂಕ್ ಷೇರು ನಿಜಕ್ಕೂ ಅಗ್ಗವೇ?

ಮಂಗಳೂರಿನ ಕರ್ಣಾಟಕ ಬ್ಯಾಂಕ್, ತ್ರಿಶ್ಶೂರಿನ ಸೌತ್ ಇಂಡಿಯನ್ ಬ್ಯಾಂಕ್‌ಗಳಂಥ ಹಳೆಯ ಖಾಸಗಿ ಬ್ಯಾಂಕುಗಳ ಪಿಇ, ಅಂದರೆ ಷೇರಿನ ಬೆಲೆಯನ್ನು ಒಂದು ಷೇರಿನ ವಾರ್ಷಿಕ ಲಾಭದಿಂದ ಭಾಗಿಸಿದಾಗ ಬರುವ ಸಂಖ್ಯೆ, ಎಷ್ಟೋ ಸಲ ಒಂದಂಕಿಯಲ್ಲೇ ಇರುತ್ತದೆ. ಕೊಳ್ಳುವ ಆಸೆ ಸಹಜ. ಆದರೆ ಬೆಲೆಯನ್ನು ಭಾಗಿಸುವ ಮೊದಲು ಆ ಲಾಭವನ್ನೇ ಸರಿಪಡಿಸಿಕೊಳ್ಳಬೇಕು. ಇವತ್ತು ಕೊಟ್ಟ ಸಾಲ ಕೆಟ್ಟಿತೋ ಇಲ್ಲವೋ ಎಂದು ತಿಳಿಯುವುದು ಎರಡು ಮೂರು ವರ್ಷ ಕಳೆದ ಮೇಲೆ. ಬಡ್ಡಿ ಮಾತ್ರ ಈ ವರ್ಷದ ಲಾಭಕ್ಕೇ ಸೇರಿಬಿಟ್ಟಿರುತ್ತದೆ.

ಒಂದು ಕಾಲ್ಪನಿಕ ಬ್ಯಾಂಕಿನ ಲೆಕ್ಕ ನೋಡಿ. ಸಾಲ 75,000 ಕೋಟಿ, ಪ್ರಾವಿಷನ್‌ಗೆ ಮೊದಲಿನ ಲಾಭ 2,000 ಕೋಟಿ, ಷೇರುಗಳ ಸಂಖ್ಯೆ 38 ಕೋಟಿ, ಒಂದರ ಬೆಲೆ 218 ರೂಪಾಯಿ. ಪ್ರಾವಿಷನ್ ಎಂದರೆ ಸಾಲ ಕೆಡಬಹುದೆಂದು ಲಾಭದಿಂದ ತೆಗೆದಿಡುವ ಹಣ; ಈ ವರ್ಷ ಅದು ಬರೀ 150 ಕೋಟಿ. ಶೇ 25.17 ತೆರಿಗೆ ಕಳೆದರೆ ಉಳಿಯುವುದು 1,384 ಕೋಟಿ, ಇಪಿಎಸ್ (ಒಂದು ಷೇರಿನ ಪಾಲಿನ ಲಾಭ) 36.4, ಪಿಇ 6.

ಈಗ ಅದೇ ಬ್ಯಾಂಕಿನ ಕಳೆದ ಏಳೆಂಟು ವರ್ಷಗಳ ಪ್ರಾವಿಷನ್ ಸರಾಸರಿ ತೆಗೆಯಿರಿ. ಅದು ಸಾಲದ ಶೇ 0.8 ಎಂದಾದರೆ 150ರ ಬದಲು 600 ಕೋಟಿ ಕಳೆಯಬೇಕು. ಪಿಇ 7.9ಕ್ಕೆ ಏರುತ್ತದೆ. ವಾರ್ಷಿಕ ವರದಿಯ 14ನೇ ಷೆಡ್ಯೂಲಿನಲ್ಲಿ ಹೂಡಿಕೆ ಮಾರಿ ಬಂದ ಲಾಭ ಇರುತ್ತದೆ. ಬಾಂಡ್ ಬೆಲೆ ಏರಿದ ವರ್ಷ ಅಲ್ಲಿ 200 ಕೋಟಿ ಕಂಡರೆ ಅದನ್ನೂ ತೆಗೆಯಿರಿ, ಪ್ರತಿ ವರ್ಷ ಬರುವ ದುಡ್ಡಲ್ಲ. ಆಗ ಪಿಇ 9.2.

ಷೇರುಗಳ ಸಂಖ್ಯೆಯೂ ಮೋಸ ಮಾಡುತ್ತದೆ. ಕರ್ಣಾಟಕ ಬ್ಯಾಂಕಿನ ನಿವ್ವಳ ಲಾಭ 2022-23ರಲ್ಲಿ 1,180 ಕೋಟಿ, 2023-24ರಲ್ಲಿ 1,306 ಕೋಟಿ. ಲಾಭವೇನೋ ಏರಿತು. ಆದರೆ ಆ ವರ್ಷ ಹೊಸ ಬಂಡವಾಳ ಎತ್ತಿದ್ದರಿಂದ ಷೇರುಗಳು ಸುಮಾರು 31 ಕೋಟಿಯಿಂದ 37.7 ಕೋಟಿಯಾದವು. ವರ್ಷದ ಕೊನೆಯ ಸಂಖ್ಯೆಯಿಂದ ಭಾಗಿಸಿದರೆ ಷೇರಿಗೆ ಸಿಕ್ಕ ಲಾಭ ಸುಮಾರು 38ರಿಂದ 34.6 ರೂಪಾಯಿಗೆ ಇಳಿಯುತ್ತದೆ. ವರದಿಯಲ್ಲಿ ಅಚ್ಚಾಗುವ ಇಪಿಎಸ್ ವರ್ಷದ ಸರಾಸರಿ ಷೇರುಗಳ ಮೇಲಿನದು, ಹಾಗಾಗಿ ಈ ಇಳಿಕೆ ಅಲ್ಲಿ ಪೂರ್ತಿ ಕಾಣುವುದೇ ಇಲ್ಲ.

ಎಸ್‌ಎಂಎ-2 ಅಂಕಿ ಸಿಕ್ಕರೆ ಬಿಡಬೇಡಿ: 60 ದಿನ ದಾಟಿಯೂ ಕಂತು ಬಾರದ ಸಾಲಗಳವು. 90 ದಿನ ದಾಟಿ ಎನ್‌ಪಿಎ (ಕೆಟ್ಟ ಸಾಲ) ಆದರೂ ಅಡಮಾನವಿರುವ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಮೊದಲ ವರ್ಷ ಕನಿಷ್ಠ ಶೇ 15 ಪ್ರಾವಿಷನ್ ಸಾಕು. ಬಾಕಿ ಪೆಟ್ಟು ಮುಂದಿನ ವರ್ಷಗಳ ಲಾಭಕ್ಕೆ ಬೀಳುತ್ತದೆ.

ಕೊನೆಗೆ ಪುಸ್ತಕ ಮೌಲ್ಯದೊಂದಿಗೆ, ಅಂದರೆ ಬ್ಯಾಂಕಿನ ಸ್ವಂತ ನಿಧಿಯೊಂದಿಗೆ, ತಾಳೆ ನೋಡಿ. ಪಿಇಯನ್ನು ಆರ್‌ಒಇಯಿಂದ (ಸ್ವಂತ ನಿಧಿಯ ಮೇಲೆ ಗಳಿಸಿದ ಶೇಕಡಾವಾರು ಲಾಭ) ಗುಣಿಸಿದರೆ ಪಿಬಿ (ಬೆಲೆ ಪುಸ್ತಕ ಮೌಲ್ಯದ ಎಷ್ಟು ಪಟ್ಟು ಎಂಬುದು) ಬರುತ್ತದೆ. ಮೇಲಿನ ಬ್ಯಾಂಕಿನ ಸ್ವಂತ ನಿಧಿ 12,000 ಕೋಟಿ ಎಂದುಕೊಂಡರೆ ತೋರಿಸಿದ ಆರ್‌ಒಇ ಶೇ 11.5, ಸರಿಪಡಿಸಿದ್ದು ಶೇ 7.5. ಪಿಬಿ ಎರಡೂ ಲೆಕ್ಕದಲ್ಲಿ 0.69. ಶೇ 7.5 ಗಳಿಸುವ ಬಂಡವಾಳಕ್ಕೆ ಮಾರುಕಟ್ಟೆ ರೂಪಾಯಿಗೆ 69 ಪೈಸೆ ಕೊಡುತ್ತಿದ್ದರೆ ಅದು ಅಗ್ಗವಲ್ಲ, ನ್ಯಾಯವಾದ ಬೆಲೆಯೇ.