ಭಕ್ತಿ ಅಂದ್ರೆ ‘ನಿಜವಾದ’ ಅರ್ಥ ಏನು ಸಾರ್?

ಸಂಸ್ಕೃತ ಎಂ.ಎ. ಮಾಡಿದ ತಪ್ಪಿಗೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕೇಳುವವರ ಜೇಬಿನಲ್ಲಿ ಉತ್ತರ ಆಗಲೇ ಇರುತ್ತದೆ. ‘ಭಯ, ಶಕ್ತಿ ಸೇರಿ ಭಕ್ತಿ, ಅಲ್ವಾ?’ ಅಂತಾರೆ. ಅಲ್ಲ.

ಧಾತು ‘ಭಜ್’. ಹಂಚು, ಪಾಲು ಪಡೆ, ಸೇವಿಸು, ಒಲಿ ಅಂತೆಲ್ಲ ಅರ್ಥ. ಭಾಗ, ಭಾಗ್ಯ, ಭಜನೆ, ವಿಭಜನೆ ಅದರಿಂದಲೇ ಬಂದವು. ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯ, ಲೆಕ್ಕದ ಭಾಜಕ, ಭಾಜ್ಯ ಕೂಡ ಅದೇ ಮನೆಯವು. ಅವಿಭಕ್ತ ಕುಟುಂಬ ಅಂದರೆ ಪಾಲಾಗದ ಕುಟುಂಬ. ಭಕ್ತರಿಲ್ಲದ ಕುಟುಂಬ ಅಲ್ಲ.

ಇದನ್ನು ಒಂದು ಮದುವೆ ಊಟದಲ್ಲಿ ಹೇಳಿ ಕೆಟ್ಟೆ. ಪಕ್ಕದ ಎಲೆಯವರು ‘ಒಂದೇ ಮಾತಲ್ಲಿ ಹೇಳಿ’ ಅಂದರು. ಅಷ್ಟರಲ್ಲಿ ಅನ್ನ ಬಡಿಸುವವನು ಬಂದ. ನಾನು ಸುಮ್ನೆ ಇರಬಾರದಿತ್ತಾ? ಎಲೆಯ ಮೇಲಿನ ಅನ್ನಕ್ಕೆ ಬೆರಳು ತೋರಿಸಿದೆ. ಸಂಸ್ಕೃತದಲ್ಲಿ ‘ಭಕ್ತ’ ಅಂದರೆ ಅನ್ನ ಅಂತಲೂ ಅರ್ಥ. ಹಿಂದಿಯ ಭಾತ್ ಅದರಿಂದಲೇ ಬಂದದ್ದು, ನಮ್ಮ ಬಿಸಿಬೇಳೆ ಬಾತ್‌ನ ಬಾತ್ ಕೂಡ. ಅವರ ಮುಖ ಕೆಂಪಾಯಿತು. ‘ದೇವರ ವಿಷಯ ಕೇಳಿದ್ರೆ ಊಟದ ವಿಷಯ ಹೇಳ್ತೀರಲ್ರೀ!’ ಪಾಯಸ ಬರುವವರೆಗೂ ಮಾತಿಲ್ಲ.

ದೇವರಿಗೂ ಊಟಕ್ಕೂ ಗಂಟು ಹಾಕಿದ್ದು ನಾನಾ? ಪಾಣಿನಿಯ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯಲ್ಲಿ ‘ಭಕ್ತಿಃ’ ಅಂತಲೇ ಒಂದು ಸೂತ್ರವಿದೆ. ಅಲ್ಲಿ ಭಕ್ತಿ ಅಂದರೆ ಒಬ್ಬನಿಗೆ ತುಂಬ ಇಷ್ಟವಾದದ್ದು, ಅಷ್ಟೇ. ಅಪೂಪ ಅನ್ನೋ ಹಿಟ್ಟಿನ ತಿಂಡಿಯ ಮೇಲೆ ಪ್ರಾಣ ಇಟ್ಟವನು ‘ಆಪೂಪಿಕ’ ಅಂತ ವ್ಯಾಖ್ಯಾನಕಾರರು ಉದಾಹರಣೆ ಕೊಡುತ್ತಾರೆ. ಅಲ್ಲಿಂದ ಮೂರನೇ ಸೂತ್ರಕ್ಕೆ ವಾಸುದೇವನೂ ಅರ್ಜುನನೂ ಬರುತ್ತಾರೆ. ದೇವರೂ ತಿಂಡಿಯೂ ಒಂದೇ ಸಾಲಿನಲ್ಲಿ. ಈ ಲೆಕ್ಕದಲ್ಲಿ, ಎರಡು ಸಲ ಹೋಳಿಗೆ ಹಾಕಿಸಿಕೊಂಡ ಆ ಪಕ್ಕದ ಎಲೆಯವರು ಪರಮ ಭಕ್ತರೇ. ದೇವರಲ್ಲಿ ಪರಮ ಭಕ್ತಿ ಅನ್ನೋ ಮಾತು ಬೇಕಿದ್ದವರು ಶ್ವೇತಾಶ್ವತರ ಉಪನಿಷತ್ತಿನ ಕೊನೆಯ ಶ್ಲೋಕ ನೋಡಿಕೊಳ್ಳಲಿ.

ನನಗೆ ಬೇಜಾರು ಬೇರೆಯದೇ. ಎಲ್ಲರೂ ಈ ಸಂಸ್ಕೃತ ಪದದ ಜಾತಕ ಕೇಳುತ್ತಾರೆ. ಮನೆಯೊಳಗಿನ ಮಾತನ್ನು ಯಾರೂ ಕೇಳುವುದಿಲ್ಲ. ನಮ್ಮಜ್ಜಿಯ ಬಾಯಲ್ಲಿ ‘ಭಕ್ತಿ’ ಅನ್ನೋ ಪದ ನಾನು ಕೇಳಿಯೇ ಇಲ್ಲ. ‘ನಾವು ಆ ಅಮ್ಮನಿಗೆ ನಡ್ಕೋತೀವಿ’ ಅನ್ನುತ್ತಿದ್ದಳು. ‘ನಾವು ಅವಳ ಒಕ್ಕಲು’ ಅನ್ನುತ್ತಿದ್ದಳು. ನಡೆದುಕೊಳ್ಳುವುದು. ಮನಸ್ಸಿನಲ್ಲಿ ಏನಿದೆ ಅನ್ನೋ ವಿಚಾರಣೆಯೇ ಇಲ್ಲ. ಮಗ ತೀರಿಕೊಂಡ ಮರುವರ್ಷ ಅಜ್ಜಿ ಆ ಅಮ್ಮನಿಗೆ ಬಾಯಿಗೆ ಬಂದಂತೆ ಬೈದಳು. ಜಾತ್ರೆ ದಿನ ಬೈಯುತ್ತಲೇ ಎದ್ದು, ಬೈಯುತ್ತಲೇ ಅಕ್ಕಿ ಆರಿಸಿ, ಮಡಿಲಕ್ಕಿ ಕಟ್ಟಿಕೊಂಡು ಹೋದಳು. ಅವತ್ತು ಅವಳಿಗೆ ಭಕ್ತಿ ಇತ್ತೋ ಇಲ್ಲವೋ? ನಡ್ಕೊಂಡಳು.

‘ಒಕ್ಕಲು’ ಅನ್ನೋ ಮಾತು ಬೇಸಾಯದವರಿಗೂ ದೇವರ ಕಡೆಯವರಿಗೂ ಒಂದೇ ಯಾಕೆ ಅಂತ ಕೇಳಿ, ಕೂತು ಮಾತಾಡೋಣ. ಊಟದ ಹೊತ್ತಲ್ಲಾದರೂ ಸರಿ.